ಅಲ್ ಖೌದ್ ಫ್ಲ್ಯಾಟಿನಲ್ಲಿ ಇಂಗ್ಲೆಂಡಿನ ದೋಣಿ

ಇಂಗ್ಲೆಂಡಿನ ಕಾಲುವೆ ಅಂದರೆ ಏನು ಮಹಾ? ಎದೆಮಟ್ಟದ ನೀರು. ಅದರ ಮೇಲೆ ರೈಲು ಡಬ್ಬಿಯಂಥ ಒಂದು ಉದ್ದ ದೋಣಿ. ಅದು ಹೋಗುವ ವೇಗವೋ, ಪಾರ್ಕಿನಲ್ಲಿ ಪಿಂಚಣಿದಾರರು ವಾಕಿಂಗ್ ಹೋಗುವ ವೇಗ. ಹಿಂದೆ ನಿಂತು ಒಂದು ಕೋಲು ಹಿಡಿದುಕೊಂಡರಾಯಿತು. ಇಷ್ಟು ಮಾಡಲಾರದವನು ಇಂಜಿನಿಯರ್ ಆಗಿದ್ದಾದರೂ ಯಾಕೆ?

ಹೀಗೆಂದು ನಾನು ನಂಬಿದ್ದೆ. ನಂಬಿ ಸುಮ್ಮನಿದ್ದರೆ ಚೆನ್ನಾಗಿತ್ತು. ನಾಲ್ಕು ಜನರ ಮುಂದೆ ಹೇಳಿಯೂ ಬಿಟ್ಟೆ!

ಎರಡು ಸಾವಿರದ ಐದೋ ಆರೋ ಇಸವಿ. ಮಸ್ಕತ್ತಿನಲ್ಲಿ ದೊಡ್ಡ ದೊಡ್ಡ ಕಟ್ಟಡಗಳ ಏಸಿ ನೋಡಿಕೊಳ್ಳುವ ಕಂಪನಿಯೊಂದರಲ್ಲಿ ನಾನು ಇಂಜಿನಿಯರ್. ಮನೆ ಅಲ್ ಖೌದ್‌ನಲ್ಲಿ, ಮೂರನೇ ಮಹಡಿಯ ಫ್ಲ್ಯಾಟು. ನಮ್ಮ ಮ್ಯಾನೇಜರ್ ಪಿಕರಿಂಗ್ ಸಾಹೇಬರು ಇಂಗ್ಲೆಂಡಿನವರು. ಮಾತು ಬಹಳ ಕಡಿಮೆ. ಆದರೆ ಊಟದ ಹೊತ್ತಿನಲ್ಲಿ ಯಾರಾದರೂ ತಪ್ಪಿ ‘ನೀರು’ ಎಂದರೆ ಸಾಕು, ಅವರ ದೋಣಿಯ ಸುದ್ದಿ ಶುರುವಾಗುತ್ತಿತ್ತು.

ಅವರ ಊರಿನ ಕಾಲುವೆಯಲ್ಲಿ ಅವರದೊಂದು ದೋಣಿ ಇತ್ತು. ಹೆಸರು ‘ಪೇಷನ್ಸ್’, ಅಂದರೆ ತಾಳ್ಮೆ. ಅರವತ್ತು ಅಡಿ ಉದ್ದ, ಏಳಡಿಗೆ ತುಸು ಕಡಿಮೆ ಅಗಲ. ಅದರೊಳಗೇ ಅಡುಗೆಮನೆ, ಮಂಚ, ಒಲೆ, ಬಚ್ಚಲು. ರೈಲು ಬರುವ ಮೊದಲು ಇಂಗ್ಲೆಂಡಿನ ರಸ್ತೆಗಳು ಎಷ್ಟು ಕೆಟ್ಟದಾಗಿದ್ದವೆಂದರೆ, ಗಾಡಿಯಲ್ಲಿ ಹೊರಟ ಪಿಂಗಾಣಿ ಪಾತ್ರೆ ಊರು ಮುಟ್ಟುವಾಗ ಚೂರಾಗಿರುತ್ತಿತ್ತಂತೆ. ಅದಕ್ಕೇ ದೇಶದ ತುಂಬ ಕಾಲುವೆ ತೋಡಿ, ದಂಡೆಯ ಮೇಲೆ ಕುದುರೆ ನಡೆಸಿ, ಅದಕ್ಕೆ ಹಗ್ಗ ಕಟ್ಟಿ ದೋಣಿ ಎಳೆಸಿದರಂತೆ. ಸಾಹೇಬರು ಇದನ್ನು ವಾರಕ್ಕೆ ಎರಡು ಸಲವಾದರೂ ಹೇಳುತ್ತಿದ್ದರು. ಕಥೆ ಶುರುವಾಗುತ್ತಲೇ ಒಬ್ಬ ಫೋನು ಬಂತೆಂದು, ಇನ್ನೊಬ್ಬ ಸೈಟಿಗೆ ಹೋಗಬೇಕೆಂದು ಏಳುತ್ತಿದ್ದ. ನಾನೊಬ್ಬ ಮಾತ್ರ ಕೊನೆಯವರೆಗೆ ಕೂತಿರುತ್ತಿದ್ದೆ. ಭಕ್ತಿಯಿಂದಲ್ಲ. ನನ್ನ ಡಬ್ಬಿಯಲ್ಲಿ ಖಡಕ್ ರೊಟ್ಟಿ ಇರುತ್ತಿತ್ತು, ಅಗಿಯಲು ಹೊತ್ತು ಹಿಡಿಯುತ್ತಿತ್ತು.

ಸಾಹೇಬರು ಅದನ್ನು ಆಸಕ್ತಿ ಎಂದು ತಿಳಿದರು!

ಬೇಸಿಗೆ ರಜೆ ಹತ್ತಿರ ಬಂದಾಗ ಒಂದು ದಿನ ನನ್ನನ್ನು ಕರೆದು, “ಪಾಟೀಲ್, ಈ ಜುಲೈನಲ್ಲಿ ನನ್ನ ಮೊಣಕಾಲಿನ ಆಪರೇಷನ್. ದೋಣಿ ಸುಮ್ಮನೆ ನಿಂತಿರುತ್ತದೆ. ನಿನ್ನ ಕುಟುಂಬ ಕರೆದುಕೊಂಡು ಹೋಗಿ ಎರಡು ವಾರ ಇದ್ದು ಬಾ. ದೋಣಿ ನಡೆಸಿ ಗೊತ್ತು ತಾನೇ?” ಎಂದರು.

ನಾನು ಗದಗಿನ ಕಡೆಯವನು. ನಮ್ಮೂರಿನಲ್ಲಿ ದೋಣಿ ಎಂದರೆ ದನಗಳಿಗೆ ನೀರು ಕುಡಿಸುವ ಕಲ್ಲಿನ ದೋಣಿ. ಅದನ್ನು ಯಾರೂ ನಡೆಸುವುದಿಲ್ಲ. ಆದರೆ ಗಲ್ಫಿನಲ್ಲಿ ಇಷ್ಟು ವರ್ಷ ದುಡಿದವನ ಬಾಯಲ್ಲಿ ಬರುವುದು ಒಂದೇ ಉತ್ತರ.

“ನೋ ಪ್ರಾಬ್ಲಮ್ ಸರ್!”

“ಒಳ್ಳೆಯದು. ಕೀಲಿ ಕೊಡುವ ಮುಂಚೆ ಇಲ್ಲೇ ಎಲ್ಲಾದರೂ ನೀರಿಗಿಳಿದು ಒಂದು ಸಲ ನೋಡಿಬಿಡೋಣ” ಎಂದರು ಸಾಹೇಬರು. ಅಷ್ಟರಲ್ಲಿ ನಾನು ಮನಸ್ಸಿನಲ್ಲೇ ಲಂಡನ್ ವಿಮಾನ ಹತ್ತಿದ್ದೆ.

ಮನೆಗೆ ಬಂದು ಹೇಳಿದಾಗ ಹೆಂಡತಿ ಸುವರ್ಣಾ ಮೊದಲು ನಂಬಲಿಲ್ಲ. ನಂಬಿದ ಮೇಲೆ ತಡೆಯಲಿಲ್ಲ. ಮದುವೆಯಾದಾಗಿನಿಂದ ನಮ್ಮ ರಜೆ ಎಂದರೆ ಮಸ್ಕತ್ತಿನಿಂದ ಗದಗ, ಗದಗಿನಿಂದ ಮಸ್ಕತ್ತು. ಅದೇ ರಾತ್ರಿ ಹುಬ್ಬಳ್ಳಿಯ ತಂಗಿಗೆ ಫೋನ್ ಹೋಯಿತು. ಮರುದಿನ ಅಂಗಡಿಯಿಂದ ಮೂರು ಸ್ವೆಟರ್ ಬಂದವು. ಹೊರಗೆ ನಲವತ್ತೈದು ಡಿಗ್ರಿ ಸುಡುವಾಗ ಸ್ವೆಟರ್ ಕೊಂಡ ಹೆಂಗಸು ಆ ಬೇಸಿಗೆಯಲ್ಲಿ ಇಡೀ ಒಮಾನಿನಲ್ಲಿ ಇವಳೊಬ್ಬಳೇ ಇರಬೇಕು. ಆರನೇ ಕ್ಲಾಸಿನ ಮಗಳು ಪಲ್ಲವಿ ಶಾಲೆಯಲ್ಲಿ ಸುದ್ದಿ ಹರಡಿದಳು. ಮಗಳ ಬಾಯಲ್ಲಿ ದೋಣಿ ಹಡಗಾಗಿತ್ತು. ನಾನು ಕ್ಯಾಪ್ಟನ್ ಆಗಿದ್ದೆ.

ಸುವರ್ಣಾಳಿಗೆ ಒಂದೇ ಅನುಮಾನ. “ಏನ್ರೀ, ನಿಮಗ ಈಜು ಬರೂದಿಲ್ಲ. ದೋಣಿ ಹ್ಯಾಂಗ ನಡಸ್ತೀರಿ?”

“ಅಲ್ಲಿ ಈಜು ಬೇಕಾಗೇ ಇಲ್ಲ. ಸಾಹೇಬ್ರ ಹೇಳ್ಯಾರ. ಕಾಲುವೆಯೊಳಗ ಬಿದ್ರ ಎದ್ದು ನಿಂತ್ರ ಸಾಕಂತ.”

“ಅಂದ್ರ ಬೀಳೂದಂತೂ ಖರೇ ಅಂತಾತು” ಎಂದಳು.

ಈ ಅಪನಂಬಿಕೆ ನನಗೆ ನಾಟಿತು. ಪೂರ್ವತಯಾರಿ ಮಾಡಿಯೇ ಹೋಗಬೇಕೆಂದು ನಿಶ್ಚಯಿಸಿದೆ. ಮುಂದಿನ ಗುರುವಾರ ರಜೆ ಇತ್ತು. ಆಫೀಸಿನಿಂದ ತಂದ ಹಳದಿ ಇನ್ಸುಲೇಷನ್ ಟೇಪಿನಿಂದ ನಮ್ಮ ಹಾಲಿನ ಉದ್ದಕ್ಕೂ, ಅಲ್ಲಿಂದ ಮಲಗುವ ಕೋಣೆಯವರೆಗೆ ಎರಡು ಗೆರೆ ಎಳೆದೆ. ನಡುವೆ ಏಳಡಿಗೆ ತುಸು ಕಡಿಮೆ ಅಗಲ.

“ಇವತ್ತಿನಿಂದ ಇದೇ ನಮ್ಮ ದೋಣಿ” ಎಂದು ಘೋಷಿಸಿದೆ. “ಶನಿವಾರದ ತನಕ ಎಲ್ಲರೂ ಇದರೊಳಗೇ ಇರಬೇಕು. ಗೆರೆ ದಾಟಿದವರು ನೀರಿಗೆ ಬಿದ್ದಂತೆ.”

ಸುವರ್ಣಾ ಗೆರೆಯನ್ನೂ ನನ್ನನ್ನೂ ಒಂದೊಂದು ಸಲ ನೋಡಿದಳು. “ಅಡಗಿಮನಿ ಆ ಕಡೆ ಐತಿ.”

ಇದು ನನಗೆ ಹೊಳೆದಿರಲಿಲ್ಲ! ಆದರೆ ಕ್ಯಾಪ್ಟನ್ ಆದವನು ಹಿಂಜರಿಯಬಾರದು. ಗ್ಯಾಸ್ ಒಲೆಯನ್ನೂ ಸಿಲಿಂಡರನ್ನೂ ಹಾಲಿಗೆ ಎಳೆದು ತಂದೆ. ಸೋಫಾ ಹೊರಗೆ ಹೋಯಿತು. ಟೀವಿ ನೀರುಪಾಲಾಯಿತು. ಸಾಹೇಬರ ದೋಣಿಯಲ್ಲಿ ಹಗಲು ಊಟದ ಟೇಬಲ್ ಆಗಿರುವುದೇ ಮಲಗುವಾಗ ಮಂಚವಾಗುತ್ತದಂತೆ. ನಮ್ಮ ಊಟದ ಟೇಬಲ್ಲಿನ ಕಾಲುಗಳ ಸ್ಕ್ರೂ ಬಿಚ್ಚಿ, ಮಡಚುವ ಹಾಗೆ ಹಿಂಜು ಹಾಕಿದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಟೇಬಲ್ ತಾನಾಗಿಯೇ ಮಂಚವಾಯಿತು. ಸಾರಿನ ಪಾತ್ರೆಯ ಸಮೇತ!

“ಪಪ್ಪಾ, ದಿಸ್ ಬೋಟ್ ಈಸ್ ಸಿಂಕಿಂಗ್” ಎಂದಳು ಪಲ್ಲವಿ.

ಸಾರು ಒರೆಸುತ್ತಿದ್ದ ಸುವರ್ಣಾಳ ಮನಸ್ಸು ತಿಳಿಯಾಗಲಿ ಎಂದು ನಾನು ಇತಿಹಾಸ ತೆಗೆದೆ. ಒಬ್ಬ ಶ್ರೀಮಂತ ಡ್ಯೂಕ್‌ನ ಮದುವೆ ನಿಶ್ಚಯವಾಗಿ ಮುರಿದುಬಿತ್ತಂತೆ. ಅವನು ಬೇಸರದಲ್ಲಿ ಹೆಂಗಸರ ಸಹವಾಸವೇ ಬೇಡವೆಂದು ಊರಿಗೆ ಹೋಗಿ, ತನ್ನ ಗಣಿಯ ಕಲ್ಲಿದ್ದಲು ಸಾಗಿಸಲು ಕಾಲುವೆ ತೋಡಿಸಿದನಂತೆ. ಅದರಿಂದ ಕಲ್ಲಿದ್ದಲಿನ ಬೆಲೆ ಅರ್ಧಕ್ಕಿಳಿಯಿತಂತೆ.

“ಅಂದ್ರ ಅಂವಾ ಮದುವಿ ಆಗಲಿಲ್ಲ ಅಂತ ಊರಿಗೆಲ್ಲಾ ಛಲೋ ಆತು” ಎಂದಳು ಅವಳು.

“ಆಮೇಲೆ ರೈಲು ಬಂತು. ದೋಣಿಯವರಿಗೆ ಬಾಡಿಗೆ ಕಡಿಮೆ ಸಿಗಲಿಕ್ಕೆ ಹತ್ತಿತು. ಮನೆ ಬಿಟ್ಟು ಹೆಂಡ್ತಿ ಮಕ್ಕಳನ್ನ ದೋಣಿಯೊಳಗೇ ಇಟ್ಟುಕೊಂಡ್ರು. ಅಡಿಗಿ, ಬಾಣಂತನ, ಎಲ್ಲಾ ಆ ಸಣ್ಣ ಖೋಲಿಯೊಳಗ. ಹೆಂಡ್ತಿ ಕುದುರೆ ಹೊಡೀತಿದ್ಲು, ನೀರು ತಡಿಯೂ ಕಾಲುವೆ ಬಾಗಿಲ ತೆಗೀತಿದ್ಲು…”

“ಪಗಾರ ಎಷ್ಟ ಕೊಡ್ತಿದ್ರು ಆಕಿಗೆ?”

“ಹೆಂಡ್ತಿಗೆ ಯಾರರೆ ಪಗಾರ ಕೊಡ್ತಾರೇನು?”

ಸುವರ್ಣಾ ಸಾರಿನ ಬಟ್ಟೆಯನ್ನು ನನ್ನ ಕೈಗೆ ಕೊಟ್ಟು ಗೆರೆ ದಾಟಿ ಹೋದಳು. ನೀರಿಗೆ ಬಿದ್ದಿ ಎಂದು ಹೇಳುವ ಧೈರ್ಯ ನಮಗಿಬ್ಬರಿಗೂ ಆಗಲಿಲ್ಲ.

ಸಂಜೆ ಎದುರು ಫ್ಲ್ಯಾಟಿನ ಲಾರೆನ್ಸ್ ಬಂದರು. ಉಡುಪಿ ಕಡೆಯ ಕಲ್ಯಾಣಪುರದವರು, ಹೊಳೆದಂಡೆಯ ಮನೆಯಲ್ಲಿ ಬೆಳೆದವರು, ಒಂದು ಸೂಪರ್ ಮಾರ್ಕೆಟ್ಟಿನ ಆಫೀಸಿನಲ್ಲಿ ಕೆಲಸ. ಅವರಿಗೂ ಹೆಂಡತಿ ಹಿಲ್ಡಾಗೂ ಆ ಜುಲೈನಲ್ಲಿ ಇಂಗ್ಲೆಂಡಿಗೆ ಹೋಗುವುದಿತ್ತು. ಹಿಲ್ಡಾಳ ತಂಗಿ ಬರ್ಮಿಂಗ್‌ಹ್ಯಾಮಿನಲ್ಲಿ ನರ್ಸು. ವೀಸಾಕ್ಕೆ ಏನೇನು ಕಾಗದ ಬೇಕೆಂದು ನನಗೆ ಹೇಳಲು ಬಂದವರು ಬಾಗಿಲಲ್ಲೇ ನಿಂತರು.

“ಎಂತ ಮಾರಾಯ್ರೆ ಇದು? ಗ್ಯಾಸ್ ಸಿಲಿಂಡರ್ ಹಾಲಿನಲ್ಲಿ ಉಂಟು, ನೀವು ಕೆಳಗೆ ಕೂತಿದ್ದೀರಿ?”

ನಾನು ಎಲ್ಲವನ್ನೂ ವಿವರಿಸಿದೆ. ಅವರು ಗೆರೆಯೊಳಗೆ ಬಂದು ಚಹಾ ಕುಡಿಯುತ್ತ, “ದೋಣಿಯಲ್ಲಿ ಇಷ್ಟೆಲ್ಲ ಕಲಿಯಲಿಕ್ಕೆ ಎಂತ ಉಂಟು? ಸುಮ್ಮನೆ ಹೋದ್ರಾಯ್ತಲ್ಲ” ಎಂದರು.

ನನಗೆ ನಗು ಬಂತು. ಪಾಪ, ಇತಿಹಾಸ ಗೊತ್ತಿಲ್ಲದ ಮನುಷ್ಯ! ಹಿಂದಿನ ಕಾಲದಲ್ಲಿ ಕಾಲುವೆಯ ಸುರಂಗ ಎಷ್ಟು ಇಕ್ಕಟ್ಟೆಂದರೆ ಕುದುರೆಗೆ ಒಳಗೆ ದಾರಿ ಇರಲಿಲ್ಲ. ದೋಣಿಯವರು ಹಲಗೆಯ ಮೇಲೆ ಅಂಗಾತ ಮಲಗಿ, ಸುರಂಗದ ಗೋಡೆಯ ಮೇಲೆ ಕಾಲಿನಿಂದ ನಡೆಯುತ್ತ, ದೋಣಿಯನ್ನು ಮುಂದೆ ತಳ್ಳುತ್ತಿದ್ದರು. ಇದನ್ನು ಹೇಳಿದರೆ ಲಾರೆನ್ಸ್ ನಂಬಲಿಲ್ಲ.

ತೋರಿಸಿಯೇ ತೀರುತ್ತೇನೆ ಎಂದೆ!

ನಮ್ಮ ಮಹಡಿಯ ಕಾರಿಡಾರು ಇಕ್ಕಟ್ಟಾಗಿತ್ತು, ಸುರಂಗಕ್ಕೆ ಹೇಳಿ ಮಾಡಿಸಿದಂತೆ. ವಾಚ್‌ಮನ್ನಿನ ಹತ್ತಿರ ಸಾಮಾನು ತಳ್ಳುವ ನಾಲ್ಕು ಗಾಲಿಯ ಹಲಗೆಯೊಂದಿತ್ತು, ಅದನ್ನು ತೆಗೆದುಕೊಂಡು ಬಂದೆ. ಸುವರ್ಣಾ ಒಳಗಿನಿಂದಲೇ, “ಮೊದಲ ಲುಂಗಿ ಬಿಚ್ಚಿ ಪ್ಯಾಂಟ್ ಹಾಕ್ಕೊಳ್ರಿ” ಎಂದು ಕೂಗಿದಳು. ಆ ದಿನ ನಾನು ಕೇಳಿದ ಒಂದೇ ಒಂದು ಸಲಹೆ ಅದು. ಅದಕ್ಕಾಗಿ ಇಂದಿಗೂ ಅವಳಿಗೆ ಋಣಿ.

ಹಲಗೆಯ ಮೇಲೆ ಅಂಗಾತ ಮಲಗಿದೆ. ಒಂದು ಕಾಲು ಈ ಗೋಡೆಗೆ, ಇನ್ನೊಂದು ಕಾಲು ಆ ಗೋಡೆಗೆ ಹಚ್ಚಿ ತುಳಿದೆ. ಹಲಗೆ ಚಲಿಸಿತು! ಮತ್ತೆ ತುಳಿದೆ. ಇನ್ನೂ ಜೋರಾಗಿ ಚಲಿಸಿತು. ಲಾರೆನ್ಸ್ ಚಪ್ಪಾಳೆ ತಟ್ಟಿದರು. ಪಲ್ಲವಿ ಕುಣಿದಳು. ಈ ವಿದ್ಯೆಯಲ್ಲಿ ಒಂದೇ ತೊಡಕು: ತಲೆ ಮುಂದೆ ಹೋಗುತ್ತದೆ, ಕಣ್ಣು ಚಾವಣಿ ನೋಡುತ್ತಿರುತ್ತದೆ. ಎದುರಿಗೆ ಏನಿದೆ ಎಂದು ತುಳಿಯುವವನಿಗೆ ತಿಳಿಯುವುದಿಲ್ಲ.

ಎದುರಿಗೆ ಲಿಫ್ಟ್ ಇತ್ತು. ಅದರ ಬಾಗಿಲು ತೆರೆಯಿತು. ಒಳಗಿನಿಂದ ಹೊರಬರುತ್ತಿದ್ದವರು ಕಟ್ಟಡದ ಮಾಲೀಕರು, ಬಿಳಿ ದಿಶ್‌ದಾಶಾ ತೊಟ್ಟ ಒಮಾನಿ ಹಿರಿಯರು. ಜೊತೆಗೆ ಖಾಲಿ ಫ್ಲ್ಯಾಟ್ ನೋಡಲು ಬಂದ ಈಜಿಪ್ಟಿನ ಡಾಕ್ಟರ್ ದಂಪತಿ. ಅವರು ಚೀರಿ ಎರಡು ಪಕ್ಕಕ್ಕೆ ಸರಿದರು. ನಾನು ಮೂವರ ನಡುವೆ ನುಣ್ಣಗೆ ಜಾರಿ ಲಿಫ್ಟಿನೊಳಗೆ ಹೋಗಿ ತಲೆ ಕುಟ್ಟಿಕೊಂಡು ನಿಂತೆ.

“ಎಶ್ ಹಾದಾ?” ಎಂದರು ಮಾಲೀಕರು. ಏನಿದು ಎಂದು ಅರ್ಥ.

ಮಲಗಿದಲ್ಲಿಂದಲೇ ಸಲಾಮ್ ಹೇಳಿದೆ. ಇನ್ನೇನು ಹೇಳಬೇಕೆಂದು ತೋಚದೆ “ಇಂಗ್ಲೆಂಡ್” ಎಂದೆ.

ಅವರಿಗೆ ಹಿಂದಿ ಬರುತ್ತಿತ್ತು. ಬಗ್ಗಿ ನನ್ನ ಮುಖ ನೋಡಿ, “ತಬಿಯತ್ ಠೀಕ್ ಹೈ?” ಎಂದು ಬಹಳ ಮೃದುವಾಗಿ ಕೇಳಿದರು. ಉತ್ತರ ಕೊಡುವಷ್ಟರಲ್ಲಿ ಬಾಗಿಲು ಮುಚ್ಚಿ ಲಿಫ್ಟ್ ನನ್ನನ್ನು ಕೆಳಗಿಳಿಸಿತು. ಕೆಳಗೆ ತರಕಾರಿ ಚೀಲ ಹಿಡಿದು ನಿಂತಿದ್ದ ಹೆಂಗಸರು ಬಾಗಿಲು ತೆರೆದದ್ದನ್ನು ನೋಡಿದರು, ನನ್ನನ್ನು ನೋಡಿದರು, ಮೆಟ್ಟಿಲು ಹತ್ತಿ ಹೋದರು. ಈಜಿಪ್ಟಿನ ಡಾಕ್ಟರು ಆ ಫ್ಲ್ಯಾಟ್ ತೆಗೆದುಕೊಳ್ಳಲಿಲ್ಲ.

ಆದರೂ ನನ್ನ ಉತ್ಸಾಹ ಕುಂದಲಿಲ್ಲ. ಇನ್ನು ಉಳಿದಿದ್ದು ಚುಕ್ಕಾಣಿ. ದೋಣಿಯ ಹಿಂದೆ ಇರುವ ಉದ್ದ ಹಿಡಿಕೆ ಅದು. ಅದನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ತಿರುಗುತ್ತದೆ, ಬಲಕ್ಕೆ ತಳ್ಳಿದರೆ ಎಡಕ್ಕೆ. ಕಸಬರಿಗೆಯ ಕೋಲನ್ನು ಕುರ್ಚಿಗೆ ಕಟ್ಟಿ ಇಡೀ ವಾರ ಅಭ್ಯಾಸ ಮಾಡಿದೆ. ಪಲ್ಲವಿ “ರೈಟ್!” ಎಂದರೆ ಎಡಕ್ಕೆ ತಳ್ಳುತ್ತಿದ್ದೆ. “ಲೆಫ್ಟ್!” ಎಂದರೆ ಬಲಕ್ಕೆ. ಕೊನೆಗೆ ಅದು ಎಷ್ಟು ಮೈಗೂಡಿತೆಂದರೆ ಆಫೀಸಿನಲ್ಲಿ ಯಾರೋ ಬಲಗಡೆ ಬಾಗಿಲು ಎಂದಾಗ ಎಡಗಡೆಯ ಗಾಜಿಗೆ ಹಣೆ ಹೊಡೆದುಕೊಂಡೆ.

ಮುಂದಿನ ಶುಕ್ರವಾರ ಸಾಹೇಬರು ಪರೀಕ್ಷೆ ಇಟ್ಟರು. ಕಡಲ ದಂಡೆಯ ಊರು ಸಹಮ್‌ನಲ್ಲಿ ಅವರಿಗೆ ಪರಿಚಯದ ಒಬ್ಬ ಮೀನುಗಾರ ಇದ್ದ, ಖಮೀಸ್ ಎಂದು. ಅವನ ಫೈಬರ್ ದೋಣಿಯ ಹಿಂದೆ ಮೋಟಾರು, ಮೋಟಾರಿಗೆ ಹಿಡಿಕೆ. “ಹಿಡಿಕೆ ಎಲ್ಲ ದೋಣಿಯಲ್ಲೂ ಒಂದೇ” ಎಂದರು ಸಾಹೇಬರು. ಲಾರೆನ್ಸರೂ ನಮ್ಮ ಕಾರಿನಲ್ಲಿ ಬಂದರು. ಸಹಮ್‌ನಲ್ಲಿ ಮೀನು ಅಗ್ಗ ಎಂದು ಅವರಿಗೆ ಯಾರೋ ಹೇಳಿದ್ದರು.

ಸುವರ್ಣಾ ಮತ್ತು ಪಲ್ಲವಿ ಕಡಲ ದಂಡೆಯಲ್ಲಿ ಚಾಪೆ ಹಾಸಿ ಕೂತರು. ದೋಣಿಯಲ್ಲಿ ನಾವು ನಾಲ್ವರು. ಸಾಹೇಬರು ಹುಲ್ಲಿನ ಟೋಪಿ ಹಾಕಿಕೊಂಡು ಮುಂತುದಿಯಲ್ಲಿ ಕೂತರು. ನಡುವೆ ಲಾರೆನ್ಸ್. ಹಿಂದೆ ಖಮೀಸ್, ಅವನ ಪಕ್ಕ ನಾನು. ದಡದಿಂದ ಸ್ವಲ್ಪ ದೂರ ಹೋದ ಮೇಲೆ ಖಮೀಸ್ ಹಿಡಿಕೆಯನ್ನು ನನಗೆ ಕೊಟ್ಟ.

ಮೊದಲ ಕೆಲವು ನಿಮಿಷ ನಾನು ಅದ್ಭುತವಾಗಿ ನಡೆಸಿದೆ. ಕಾರಣ, ಸಮುದ್ರದಲ್ಲಿ ಎಲ್ಲಿ ಹೋದರೂ ದಾರಿಯೇ. ಸಾಹೇಬರು ಹಿಂತಿರುಗಿ ನೋಡಿ ತಲೆದೂಗಿದರು. ನನಗೆ ಇಂಗ್ಲೆಂಡಿನ ಹಸಿರು ದಂಡೆ, ಮೂರು ಸ್ವೆಟರ್, ಎಲ್ಲವೂ ಕಣ್ಣಿಗೆ ಕಟ್ಟಿದವು.

“ಇನ್ನು ದಡದ ಕಡೆ ತಿರುಗಿಸು” ಎಂದರು ಸಾಹೇಬರು. ತಿರುಗಿಸಿದೆ. ತಿರುಗಿತು! ದಡ ಹತ್ತಿರ ಬಂತು. ಎದುರಿಗೆ ಬೇರೆ ದೋಣಿಗಳು ನಿಂತಿದ್ದವು. ಖಮೀಸ್ “ಯಮೀನ್! ಯಮೀನ್!” ಎಂದ. ಯಮೀನ್ ಎಂದರೆ ಬಲಕ್ಕೆ. ಅಷ್ಟು ಅರಬ್ಬಿ ನನಗೆ ಬರುತ್ತಿತ್ತು. ಆದರೆ ಯಾವುದು ಬಲಕ್ಕೆ? ದೋಣಿಯೋ, ಹಿಡಿಕೆಯೋ? ಇವನು ಮೀನುಗಾರ. ಇವನು ಹೇಳುತ್ತಿರುವುದು ಹಿಡಿಕೆಯ ಬಲವೇ ಇರಬೇಕು. ಹಾಗಾದರೆ ನಾನು ಕಲಿತ ಪ್ರಕಾರ ಅದನ್ನು ತಿರುವುಮುರುವು ಮಾಡಬೇಕೋ, ಅವನೇ ಆಗಲೇ ಮಾಡಿದ್ದಾನೋ? ನಾನು ಇದನ್ನು ಕ್ರಮಬದ್ಧವಾಗಿ ಯೋಚಿಸುತ್ತಿದ್ದೆ. ದೋಣಿ ಯೋಚಿಸುತ್ತಿರಲಿಲ್ಲ.

“ಬ್ರೇಕ್!” ಎಂದು ನಾನೇ ಕೂಗಿಕೊಂಡು ಹಿಡಿಕೆಯನ್ನು ಗಟ್ಟಿಯಾಗಿ ಹಿಂಡಿ ತಿರುವಿದೆ. ಅದು ಬ್ರೇಕ್ ಅಲ್ಲ. ಅದು ಆಕ್ಸಿಲರೇಟರ್!

ದೋಣಿ ಮೂತಿ ಎತ್ತಿ ಹಾರಿತು. ನಿಂತಿದ್ದ ದೋಣಿಗಳ ನಡುವೆ ಹೇಗೋ ನುಸುಳಿತು. ಲಾರೆನ್ಸ್ ನಡುವಿನಿಂದ ಎದ್ದು ಬಂದು ನನ್ನ ಕೈ ಕಿತ್ತು ಮೋಟಾರು ಆರಿಸಿದರು. ಆದರೆ ಅಷ್ಟರಲ್ಲಿ ಮರಳು ಬಂದಿತ್ತು. ದೋಣಿ ಮರಳು ಹತ್ತಿ ಗಕ್ಕನೆ ನಿಂತಿತು. ಸಾಹೇಬರು ನಿಲ್ಲಲಿಲ್ಲ. ಅವರು ಮುಂದೆ ಹೋದರು. ಲಾರೆನ್ಸ್ ಮತ್ತು ಖಮೀಸ್ ಮೋಟಾರನ್ನು ಹಿಡಿದುಕೊಂಡಿದ್ದರು, ಹಿಡಿಯಲು ಏನೂ ಸಿಗದೆ ನಾನೂ ಹೋದೆ.

ಸಹಮ್ ಇರುವ ಬಾತಿನಾ ಕರಾವಳಿಯಲ್ಲಿ ದನಗಳ ಮೇವಿಗೆಂದು ಸಣ್ಣ ಮೀನನ್ನು ಮರಳಿನ ಮೇಲೆ ಹರವಿ ಒಣಗಿಸುತ್ತಾರೆ. ನಮ್ಮಿಬ್ಬರನ್ನೂ ಆ ಮೀನು ಕಾಪಾಡಿತು. ಸಾಹೇಬರು ಅದರ ಅಂಚಿನಲ್ಲಿ ಕೂತ ಭಂಗಿಯಲ್ಲೇ ಇಳಿದಿದ್ದರು, ಟೋಪಿ ಮಾತ್ರ ಸರಿದಿತ್ತು. ನಾನು ರಾಶಿಯ ನಡುವೆ ಬೋರಲಾಗಿ ಬಿದ್ದಿದ್ದೆ. ಹುಟ್ಟಿದಾಗಿನಿಂದ ಮೊಟ್ಟೆ ಕೂಡ ಮುಟ್ಟದ ಮನೆತನ ನಮ್ಮದು. ಬಾಯಲ್ಲಿ ಎರಡು ಮೀನಿದ್ದವು!

ಸುವರ್ಣಾ ಓಡಿ ಬಂದಳು. “ಪೆಟ್ಟಾತೇನ್ರೀ? ಮಾತಾಡ್ರಿ!” ಎಂದಳು. ಮಾತಾಡಲು ಮೊದಲು ಉಗುಳಬೇಕಿತ್ತು. ಉಗುಳಿದೆ. ನನಗೇನೂ ಆಗಿಲ್ಲ ಎಂದು ಖಾತ್ರಿಯಾದ ಮೇಲೆ ಅವಳು ಮೂಗು ಮುಚ್ಚಿಕೊಂಡು ಹತ್ತು ಹೆಜ್ಜೆ ಹಿಂದೆ ಸರಿದು, ಅಲ್ಲೇ ಮರಳಿನ ಮೇಲೆ ಕುಸಿದು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಪಲ್ಲವಿಗೂ ಅದೇ ಗತಿ.

ಲಾರೆನ್ಸರಿಗೆ ಮಾತ್ರ ದುಃಖ. “ಬೂತಾಯಿ ಮಾರಾಯ್ರೆ! ಇಷ್ಟು ಒಳ್ಳೆ ಬೂತಾಯಿ ದನಕ್ಕೆ ಹಾಕ್ತಾರಲ್ಲ!” ಎನ್ನುತ್ತ, ಅಲೆ ಎಳೆದುಕೊಂಡು ಹೋಗುತ್ತಿದ್ದ ದೋಣಿಯನ್ನು ಖಮೀಸನ ಜೊತೆ ಹಿಡಿದು, ಒಬ್ಬರೇ ಹತ್ತಿ, ಮೋಟಾರು ಚಾಲೂ ಮಾಡಿ, ಸಾಲಿನಲ್ಲಿ ಅದರ ಜಾಗಕ್ಕೆ ನಿಲ್ಲಿಸಿ ಬಂದರು. ಸಾಹೇಬರು ಮೀನಿನ ಮೇಲೆ ಕೂತೇ ಅದನ್ನು ನೋಡುತ್ತಿದ್ದರು.

ಮಸ್ಕತ್ತಿಗೆ ಮರಳುವಾಗ ಕಾರಿನ ನಾಲ್ಕೂ ಕಿಟಕಿ ತೆರೆದಿದ್ದೆವು. ಏಸಿ ಇಂಜಿನಿಯರನ ಕಾರು, ಜೂನ್ ತಿಂಗಳ ಬಿಸಿಲು!

ಶನಿವಾರ ಸಾಹೇಬರು ಕರೆದರು. ಕೋಪವಿರಲಿಲ್ಲ. ಮೊಣಕಾಲಿಗೆ ಪಟ್ಟಿ ಇತ್ತು. “ಪಾಟೀಲ್, ನಮ್ಮ ಕಾಲುವೆಗಳು ರೈಲು ಬಂದಾಗ ಉಳಿದವು. ಲಾರಿ ಬಂದಾಗ ಉಳಿದವು. ಯುದ್ಧದಲ್ಲಿ ಬಾಂಬು ಬಿದ್ದಾಗಲೂ ಉಳಿದವು” ಎಂದು ಮೊಣಕಾಲಿನ ಪಟ್ಟಿ ಸವರಿಕೊಂಡರು. “ಅವು ಇನ್ನು ಮುಂದೆಯೂ ಉಳಿಯಬೇಕೆಂದು ನನ್ನ ಆಸೆ.”

“ಯೆಸ್ ಸರ್” ಎಂದೆ.

“ನಿನ್ನ ಆ ನೆರೆಮನೆಯವನು, ಅವನು ಜುಲೈನಲ್ಲಿ ಇಂಗ್ಲೆಂಡಿಗೆ ಹೋಗುವವನಲ್ಲವೇ?”

ಕೀಲಿಯನ್ನು ಲಾರೆನ್ಸರಿಗೆ ತಲುಪಿಸುವ ಕೆಲಸ ನನಗೇ ಬಂತು. ಲಾರೆನ್ಸ್ ತುಂಬ ಸಂಕೋಚಪಟ್ಟರು. “ಇದು ನಿಮ್ಮದು ಮಾರಾಯ್ರೆ, ನನಗೆ ಬೇಡ” ಎಂದು ಎರಡು ಸಲ ವಾಪಸ್ಸು ಕೊಟ್ಟರು. ಮೂರನೇ ಸಲ ಹಿಲ್ಡಾ ತೆಗೆದುಕೊಂಡಳು. ಎರಡು ದಿನದ ನಂತರ ಸುವರ್ಣಾ ತಾನೇ ಹೋಗಿ ಮೂರರಲ್ಲಿ ಎರಡು ಸ್ವೆಟರನ್ನು ಹಿಲ್ಡಾಳಿಗೆ ಕೊಟ್ಟು, “ಅಲ್ಲಿ ಥಂಡಿ ಇರತೈತಂತ” ಎಂದು ಹೇಳಿ ಬಂದಳು. ಬಂದು ಸ್ವಲ್ಪ ಹೊತ್ತು ಅಡುಗೆಮನೆಯಲ್ಲಿ ಒಬ್ಬಳೇ ನಿಂತಿದ್ದಳು. ನಾನು ಹೋಗಿ ಪಕ್ಕದಲ್ಲಿ ನಿಂತೆ. “ಇನ್ನೊಮ್ಮೆ ಕರಕೊಂಡ ಹೋಗ್ತೀನಿ” ಎಂದೆ.

“ಕರಕೊಂಡ ಹೋಗ್ರಿ. ಆದ್ರ ಬಸ್ಸಿನ್ಯಾಗ. ಡ್ರೈವರ್ ಇರೂ ಬಸ್ಸಿನ್ಯಾಗ” ಎಂದಳು. ಆಗ ನನಗೆ ಜೀವ ಬಂತು.

ಆಗಸ್ಟಿನಲ್ಲಿ ಲಾರೆನ್ಸ್ ವಾಪಸ್ಸು ಬಂದ ಮೇಲೆ ಸಾಹೇಬರು ಅವರನ್ನೂ ನಮ್ಮನ್ನೂ ಚಹಾಕ್ಕೆ ಕರೆದರು. ದೋಣಿಗೆ ಒಂದು ಗೀರು ಕೂಡ ಬಿದ್ದಿರಲಿಲ್ಲವಂತೆ. ಸಾಹೇಬರು ಬಹಳ ಸಂತೋಷದಲ್ಲಿದ್ದರು. “ಮೊದಲ ಸಲಕ್ಕೆ ಇಷ್ಟು ಚೆನ್ನಾಗಿ ಹೇಗೆ ನಡೆಸಿದೆ?” ಎಂದು ಕೇಳಿದರು.

ಲಾರೆನ್ಸ್ ಒಳ್ಳೆಯ ಮನುಷ್ಯ. ನನ್ನ ಮುಖ ನೋಡಿದರು. ನನ್ನ ಮರ್ಯಾದೆ ಉಳಿಸಬೇಕೆಂದು ಅವರಿಗೆ ನಿಜವಾಗಿಯೂ ಅನಿಸಿರಬೇಕು.

“ಎಲ್ಲ ನಮ್ಮ ಪಾಟೀಲರಿಂದ ಸರ್” ಎಂದರು. “ಪ್ರತಿಯೊಂದು ಕಡೆಯಲ್ಲೂ ಪಾಟೀಲರು ಇದ್ದಿದ್ದರೆ ಎಂತ ಮಾಡ್ತಿದ್ರು ಅಂತ ಮೊದಲು ಯೋಚನೆ ಮಾಡಿದೆ. ಅದೊಂದನ್ನು ಬಿಟ್ಟು ಬೇರೆಂತದ್ದಾದ್ರೂ ಮಾಡಿದೆ. ಎಲ್ಲ ಸರಿಯಾಯ್ತು.”

ಸಾಹೇಬರು ಗಂಭೀರವಾಗಿ ಎದ್ದು ನನ್ನ ಕೈ ಕುಲುಕಿದರು. ನಾನೂ ಎದ್ದು ನಿಂತು, ಹೊಗಳಿಕೆ ಎಂದುಕೊಂಡು, “ಥ್ಯಾಂಕ್ಯೂ ಸರ್” ಎಂದುಬಿಟ್ಟೆ!